ಬೀಗರಿಗೆ ಕೊಟ್ಟ ಮರದ ಆನೆ

ಅಣ್ಣನ ಮಗಳನ್ನು ಮೈಸೂರಿಗೆ ಕೊಟ್ಟಿದ್ದೇವೆ. ಮದುವೆಯೂ ಅಲ್ಲೇ ಆಗಿದ್ದರಿಂದ ಬೀಗರು, ಬೀಗತಿ ನಮ್ಮ ಕಡೆಯನ್ನು ನೋಡಿರಲಿಲ್ಲ. ಕಳೆದ ಚಳಿಗಾಲದಲ್ಲಿ ಮೊದಲ ಸಲ ಬರುತ್ತೇವೆಂದು ಫೋನ್ ಮಾಡಿದರು. ಅಂದಿನಿಂದ ಅಣ್ಣನಿಗೆ ಒಂದೇ ಚಿಂತೆ: ಹೊರಡುವಾಗ ಅವರ ಕೈಗೆ ಏನು ಕೊಡುವುದು?

ಅಣ್ಣನಿಗೆ ಚಿತ್ತಾಪುರದಲ್ಲಿ ಹಾರ್ಡ್‌ವೇರ್ ಅಂಗಡಿಯಿದೆ. ನಾನು ಸೇಡಂನಲ್ಲಿ ಹೊಲಿಗೆ ಕ್ಲಾಸು ನಡೆಸುತ್ತೇನೆ. ಏನು ಕೊಡಬೇಕೆಂಬುದು ನನ್ನ ಮಟ್ಟಿಗೆ ಆಗಲೇ ತೀರ್ಮಾನವಾಗಿತ್ತು. ತೀರಿಹೋದ ಅವ್ವನ ಇಳಕಲ್ ಸೀರೆಗಳು ನನ್ನ ಟ್ರಂಕಿನಲ್ಲಿದ್ದವು. ಅವುಗಳ ಗಟ್ಟಿ ಭಾಗವನ್ನಷ್ಟೇ ಕತ್ತರಿಸಿ, ಪದರದ ಮೇಲೆ ಪದರ ಹಾಸಿ, ಅಂಚಿಗೆ ಕುಪ್ಪಸದ ಖಣದ ತುಂಡುಗಳನ್ನು ಕೂಡಿಸಿ, ಮಳೆಗಾಲವೆಲ್ಲ ಕುಳಿತು ಒಂದು ಕೌದಿ ಹೊಲಿದಿದ್ದೆ. ಬೀಗರಿಗೆ ಅದನ್ನೇ ಕೊಡೋಣವೆಂದು ಚಿತ್ತಾಪುರಕ್ಕೆ ಒಯ್ದು ಅಣ್ಣನೆದುರು ಬಿಚ್ಚಿದೆ.

ಅವನು ಅದನ್ನು ಮುಟ್ಟಲೂ ಇಲ್ಲ.

"ಇದೇನ ತಂಗಿ? ಹಳೇ ಸೀರಿ ತುಂಡು ಬೀಗರಿಗೆ ಹೊದಸ್ತೀಯೇನು? ಮರ್ಯಾದಿ ಹೋಗ್ತದ."

"ಅವ್ವನ ಸೀರಿ ಅವ, ಅಣ್ಣಾ."

"ಅದು ನಿನಗ, ನನಗ ಗೊತ್ತು. ಅವರಿಗೇನು ಗೊತ್ತು? ನಮ್ಮ ಕಡಿ ಕೊಡ್ಲಿಕ್ಕೆ ಏನದ ಹೇಳು. ಬಿಸಲು, ಕಲ್ಲು, ಧೂಳು. ನಡಿ, ಹೈದರಾಬಾದಿಗೆ ಹೋಗಿ ಏನರೆ ಛಂದಂದು ತರೂಣು."

ಕೌದಿ ಮಡಿಚಿ ಚೀಲಕ್ಕೆ ತುರುಕಿದೆ. ಆದರೂ ಹೈದರಾಬಾದಿಗೆ ಹೋದೆ. ಅಣ್ಣನ ಹೆಂಡತಿ, ನಮ್ಮ ವೈನಿಗೆ ಮೊಣಕಾಲು ನೋವು, ಅಣ್ಣನನ್ನು ಒಬ್ಬನನ್ನೇ ಬಿಟ್ಟರೆ ಏನು ಹೊತ್ತು ತರುತ್ತಾನೋ ಎಂಬ ಹೆದರಿಕೆ.

ಮುತ್ತಿನ ಅಂಗಡಿ, ಬಳೆಯ ಅಂಗಡಿ, ಬಿಸ್ಕಿಟಿನ ಅಂಗಡಿ ಎಲ್ಲ ತಿರುಗಿದೆವು. ಒಂದು ಕಡೆ ಬಿದರಿ ಹೂದಾನಿ ಕಂಡಿತು. ಬೀದರಿನ ಕೆಲಸ, ನಮ್ಮ ನೆರೆಯದು, ಇದನ್ನಾದರೂ ಒಯ್ಯೋಣ ಎಂದೆ. "ಕರ್ರಗದ, ಶುಭಕ್ಕ ಬ್ಯಾಡ," ಎಂದ. ಕೊನೆಗೆ ಕರಕುಶಲ ವಸ್ತುಗಳ ದೊಡ್ಡ ಅಂಗಡಿಯೊಂದಕ್ಕೆ ಹೊಕ್ಕೆವು. ಒಳಗೆ ತಣ್ಣನೆಯ ಗಾಳಿ, ಎಲ್ಲಿಂದಲೋ ವೀಣೆಯ ನಾದ. ಎದುರಿನ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ, ದೀಪದ ಬೆಳಕಿನಲ್ಲಿ ತೂಗುಹಾಕಿದ್ದು ಒಂದು ಕೌದಿ.

ಅಣ್ಣ ಅದರ ಮುಂದೆ ನಿಂತುಬಿಟ್ಟ.

"ನೋಡು ತಂಗಿ, ಏನ್ ಕೆಲಸ ಇದು! ಇಂಥಾದ್ದು ಕೊಟ್ರ ಬೀಗರು ಭಾಳ ಖುಷ್ ಆಗ್ತಾರ."

"ಅಣ್ಣಾ, ಅದು ಕೌದಿ."

"ಕೌದಿ ಎಲ್ಲಿಂದ ಬಂತು? ಇದು ಕಲಾ. ಇದು ಬ್ಯಾರೇ."

ಏನು ಬೇರೆ? ಹತ್ತಿರ ಹೋಗಿ ನೋಡಿದೆ. ಹೊಲಿಗೆಯ ಸಾಲುಗಳು ನನ್ನವಕ್ಕಿಂತ ವಿರಳವಾಗಿದ್ದವು. ಮೂಲೆಯಲ್ಲಿ ಬಟ್ಟೆ ಮುದುಡಿತ್ತು. ಅದೂ ಯಾರದೋ ಹಳೆಯ ಸೀರೆಯೇ. ಅದನ್ನೂ ಯಾವುದೋ ಊರಿನ ಹೆಂಗಸು ಕಾಲು ಚಾಚಿ ಕುಳಿತು ಹೊಲಿದಿರಬೇಕು. ಗಾಜು ಹಾಕಿ ದೀಪ ಹಚ್ಚಿದ ಕೂಡಲೇ ಅದು ಕಲೆ. ತಂಗಿ ಹೊಲಿದರೆ ಚಿಂದಿ.

ಅದರ ಬೆಲೆ ಕೇಳಿ ಅಣ್ಣ ಹಿಂದೆ ಸರಿದ. ಬದಲಿಗೆ ನಯವಾದ ಕರಿಮರದ ಹಲಗೆಯೊಂದನ್ನು ಆರಿಸಿದ. ಅದರಲ್ಲಿ ಬಿಳಿ, ಹಳದಿ ಮರದ ಚೂರುಗಳನ್ನು ಕೂಡಿಸಿ ಅಂಬಾರಿ ಹೊತ್ತ ಆನೆಯನ್ನು ಮಾಡಿದ್ದರು. ಕರ್ರಗಿರುವುದು ಶುಭಕ್ಕೆ ಬೇಡ ಎಂದವನಿಗೆ ಈಗ ಕಪ್ಪು ಕಾಣಲಿಲ್ಲ. ವಾಪಸು ಬರುವಾಗ ರೈಲು ತಾಂಡೂರು ದಾಟುವವರೆಗೂ ನಾನು ಅವನೊಂದಿಗೆ ಮಾತಾಡಲಿಲ್ಲ.

ಬೀಗರು ವಾಡಿಯಲ್ಲಿ ರೈಲಿಳಿದರು. ಅಣ್ಣ ಕಾರಿನಲ್ಲಿ ಕರೆತಂದ. ವೈನಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹಿಂಡಿಪಲ್ಯ ಮಾಡಿದ್ದರು. ಗುಂಡಗುರ್ತಿಯಲ್ಲಿರುವ ನಮ್ಮ ಹೊಲದಿಂದ ಬಂದ ತೊಗರಿಯ ಬೇಳೆಸಾರು ಇತ್ತು. ಬೀಗರು ಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡರು.

"ನಮ್ಮಲ್ಲಿ ಬೇಳೆ ಹೀಗೆ ಬೇಯೋದೇ ಇಲ್ಲ. ಎಲ್ಲಿಯದು ಇದು?"

"ಅದೇನ್ ಬಿಡ್ರಿ, ಸಾದಾ ಬ್ಯಾಳಿ," ಎಂದ ಅಣ್ಣ.

ಬೀಗತಿ ಬರಿಗಾಲಿನಲ್ಲಿ ಪಡಸಾಲೆಯಲ್ಲಿ ಓಡಾಡಿ, "ನೆಲ ಎಷ್ಟು ತಂಪಾಗಿದೆ!" ಎಂದರು.

"ಶಹಾಬಾದ್ ಕಲ್ಲರಿ, ಹಳೇದು. ಬರೂ ವರ್ಷ ಟೈಲ್ಸ್ ಹಾಕಸ್ತೀವಿ," ಎಂದು ಅಣ್ಣ ತಪ್ಪು ಮಾಡಿದವನಂತೆ ಹೇಳಿದ.

ನಾನು ಹಲ್ಲು ಕಚ್ಚಿಕೊಂಡೆ.

ಊಟವಾದ ಮೇಲೆ ಅಣ್ಣ ಶಾಲು ಹೊದಿಸಿ ಆನೆಯ ಹಲಗೆಯನ್ನು ಕೊಟ್ಟ. ಬೀಗರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರಿಗೆ ನಗು ತಡೆಯಲಾಗಲಿಲ್ಲ.

"ಇದನ್ನ ನಮ್ಮನೆ ಹಿಂದಿನ ಬೀದೀಲೇ ಮಾಡ್ತಾರೆ. ಮಾಡೋರು ನಮಗೆ ಗೊತ್ತಿರೋರೇ."

ಬೀಗತಿ ಗಂಡನನ್ನು ಮೊಣಕೈಯಿಂದ ತಿವಿದರು. ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಣ್ಣನ ಮುಖದ ಬಣ್ಣ ಇಳಿಯಿತು.

"ತುಂಬ ಚೆನ್ನಾಗಿದೆ," ಎಂದು ಬೀಗತಿ ಸಮಾಧಾನ ಮಾಡಿದರು. "ಆದ್ರೆ ಇಷ್ಟೆಲ್ಲ ಯಾಕೆ ತೊಂದ್ರೆ ತಗೊಂಡ್ರಿ? ನಿಮ್ಮೂರಿಂದೇ ಏನಾದ್ರೂ ಕೊಟ್ಟಿದ್ರೆ ಸಾಕಿತ್ತು."

ಆಗಲೂ ಅಣ್ಣ, "ನಮ್ಮ ಕಡಿ ಏನದರಿ ಕೊಡ್ಲಿಕ್ಕೆ!" ಎಂದ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಬೀಗರ ಮುಂದೆ ದನಿ ಎತ್ತಬಾರದೆಂಬುದೂ ಮರೆತುಹೋಯಿತು.

"ಏನದ ಅಂತೀಯಲ್ಲ ಅಣ್ಣಾ, ಈಗ ಉಂಡದ್ದು ಎಲ್ಲೀದು? ಕಾಲ ಕೆಳಗಿನ ಕಲ್ಲು ಎಲ್ಲೀದು? ಅವರಾಗೇ ಹೊಗಳ್ಲಿಕತ್ತಾರ, ನೀ ಮುಚ್ಚಿಡ್ಲಿಕತ್ತೀದಿ. ನಮ್ಮದು ನಿನಗೇ ನಾಚಿಕಿ ಆದ್ರ ಮತ್ತ್ಯಾರು ಕಿಮ್ಮತ್ತು ಕೊಡಬೇಕು?"

ನಾನು ಅಡುಗೆಮನೆಗೆ ನಡೆದು, ಡಬ್ಬಿಯಲ್ಲಿದ್ದ ಬೇಳೆಯನ್ನೆಲ್ಲ ಬಟ್ಟೆಯ ಚೀಲಕ್ಕೆ ಸುರಿದೆ. ಒಣಗಿಸಿದ ಕಟಿರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳನ್ನು ಕಟ್ಟಿದೆ. ಅಣ್ಣ ಹಿಂದಿನಿಂದ ಬಂದು ಪಿಸುಗುಟ್ಟಿದ.

"ತಂಗಿ, ಆ ಕೌದಿ ಇಲ್ಲೇ ಅದ ಏನು? ತಾ, ಕೊಟ್ಟು ಬಿಡೂಣು."

ಕೌದಿ ನನ್ನ ಚೀಲದಲ್ಲೇ ಇತ್ತು. "ಕೊಡಂಗಿಲ್ಲ," ಎಂದೆ. "ನಿನ್ನ ಮರ್ಯಾದಿ ಮುಚ್ಚಲಿಕ್ಕೆ ಅವ್ವನ ಸೀರಿ ಸಿಗಂಗಿಲ್ಲ."

ಬೀಗತಿ ಒಳ್ಳೆಯ ಹೆಂಗಸು. ಅವರ ಕೈಗೆ ಹೋಗಿದ್ದರೆ ಅದು ಜೋಪಾನವಾಗಿ ಇರುತ್ತಿತ್ತು, ಗೊತ್ತು. ಆದರೆ ಆ ಗಳಿಗೆಯಲ್ಲಿ ಕೊಡಲು ನನಗೆ ಮನಸ್ಸಾಗಲಿಲ್ಲ. ಈಗಲೂ ಅದು ತಪ್ಪೆಂದು ಅನಿಸಿಲ್ಲ.

ಮರುದಿನ ಅವರನ್ನು ಶಹಾಬಾದಿಗೆ ಕರೆದೊಯ್ದವಳೂ ನಾನೇ. ಕಲ್ಲು ಪಾಲಿಶ್ ಮಾಡುವ ಅಂಗಳದಲ್ಲಿ ನೀರು, ಮಿಶಿನ್ನಿನ ಸದ್ದು, ಬೂದುಬಣ್ಣದ ಹಾಸುಗಲ್ಲುಗಳ ಸಾಲು. ಬೀಗರು ಒಂದೊಂದನ್ನೂ ಸವರಿ ನೋಡಿ, ದೇವರ ಕೋಣೆಯಲ್ಲಿ ಹಣತೆ ಇಡಲೆಂದು ಅಂಗೈ ಅಗಲದ ನೀಲಿ ಛಾಯೆಯ ಕಲ್ಲೊಂದನ್ನು ಆರಿಸಿದರು. ಅದನ್ನು ಬೀಗತಿ ಟವೆಲಿನಲ್ಲಿ ಸುತ್ತಿ ರೊಟ್ಟಿಯ ಗಂಟಿನ ಕೆಳಗೆ ಇಟ್ಟುಕೊಂಡರು. ಅಣ್ಣ ಕಾರಿನಿಂದ ಇಳಿಯಲೇ ಇಲ್ಲ.

ಮೊನ್ನೆ ಚಿತ್ತಾಪುರಕ್ಕೆ ಹೋಗಿದ್ದೆ. ಅಂಗಡಿಯಲ್ಲಿ ಅಣ್ಣ ಗಿರಾಕಿಯೊಬ್ಬರಿಗೆ ಹೇಳುತ್ತಿದ್ದ: "ನಮ್ಮ ಬೀಗರಿಗೆ ನಾನೇ ಶಹಾಬಾದ್ ಕಲ್ಲು ಆರಿಸಿ ಕೊಟ್ಟೀನ್ರಿ. ನಮ್ಮ ಬ್ಯಾಳಿ, ನಮ್ಮ ಕಲ್ಲು ಅಂದ್ರ ಏನಂತ ತಿಳ್ಕೊಂಡೀರಿ?"

ನನ್ನನ್ನು ಕಂಡು ಮಾತು ನುಂಗಿ, "ಬಾ ತಂಗಿ, ಕುಂದ್ರು, ಚಾ ತರಸ್ತೀನಿ," ಎಂದ. ನಾನು ಕೂರಲಿಲ್ಲ.