ಅಟ್ಟದ ಕೆಳಗಿನ ಪ್ರತಿಷ್ಠಾನ

ಗುಬ್ಬಿಯ ಅಣ್ಣಯ್ಯಪ್ಪ ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ, ದೇಶದೇಶಗಳ ಜನರನ್ನು ಹತ್ತಿರ ತರುತ್ತೇನೆಂದು ಒಂದು ಪ್ರತಿಷ್ಠಾನ ಶುರು ಮಾಡಿದರು. ಅದಕ್ಕೆ ಕಟ್ಟಡವಿರಲಿಲ್ಲ. ಅವರ ಮನೆಯ ಕೊಬ್ಬರಿ ಅಟ್ಟದ ಕೆಳಗೆ ಒಂದು ಮೇಜು, ಗೋಡೆಗೊಂದು ಭೂಪಟ, ಅಷ್ಟೆ. ಪರದೇಶದವರು ಬಂದರೆ ಅಲ್ಲೇ ಉಳಿಯುತ್ತಿದ್ದರು. ಬೇಯಿಸಿ ಬಡಿಸುವವರು ಅವರ ಹೆಂಡತಿ ನಿಂಗಮ್ಮ. ಅನುದಾನಕ್ಕೆ ಆರು ವರ್ಷ ಅರ್ಜಿ ಹಾಕಿದರೂ ಸರ್ಕಾರದ್ದು ಒಂದೇ ಉತ್ತರ: ಪರಿಶೀಲನೆಯಲ್ಲಿದೆ. ಆ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಅರ್ಜಿಗಳನ್ನೆಲ್ಲ ಟೈಪ್ ಮಾಡಿದವನು ನಾನು.

೧೯೮೧ರಲ್ಲಿ ಕೊನೆಗೂ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದರು. ಅಟ್ಟ ನೋಡಿ, "ಕೊಬ್ಬರಿ ಮಂಡಿಗೆಲ್ಲ ಗ್ರಾಂಟ್ ಕೊಡೋಕಾಗುತ್ತೇನ್ರೀ?" ಎಂದರು.

ವರ್ಷದಿಂದ ಅಲ್ಲೇ ಉಳಿದು ನಮ್ಮ ಮಾತು ಕಲಿತಿದ್ದ ಡೆನ್ಮಾರ್ಕಿನ ಕಾರಿನ್ ಆಗ ನಿಂಗಮ್ಮನ ಪಕ್ಕ ಕೂತು, ಅಟ್ಟದಿಂದ ಇಳಿಸಿದ ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ನೀರು ಬತ್ತಿ ಒಳಗೆ ಕೊಬ್ಬರಿ ಗಡಗಡ ಎಂದರೆ ಅದು ಸುಲಿಯುವ ರಾಶಿಗೆ. ಅಧಿಕಾರಿಯೂ ಒಂದನ್ನು ಅಲ್ಲಾಡಿಸಿ, ಎಲ್ಲ ಬಲ್ಲವರಂತೆ ತಲೆದೂಗಿ, ಆ ರಾಶಿಗೆ ಹಾಕಿದರು.

ಕಾರಿನ್ ಅದನ್ನು ಎತ್ತಿ ಕಿವಿಗೆ ಹಿಡಿದಳು. "ಇದ್ರಲ್ಲಿ ಇನ್ನೂ ನೀರೈತೆ ಸಾಮಿ. ವಾಪಸ್ ಅಟ್ಟಕ್ಕೆ ಹಾಕ್ಬೇಕು."

ಅಧಿಕಾರಿ ಬೆಪ್ಪಾದರು. "ಇದನ್ನೆಲ್ಲ ಯಾರಮ್ಮ ಕಲಿಸಿದ್ದು?"

"ನಮ್ಮ ನಿಂಗಮ್ಮ. ನಾನು ಅವ್ರಿಗೆ ನಮ್ಮೂರ ಸ್ವೆಟರ್ ಹೆಣೆಯೋದು ಕಲಿಸಿದೀನಿ."

ಮುಂದಿನ ತಿಂಗಳೇ ಅನುದಾನದ ಆದೇಶ ಬಂತು. ಅಣ್ಣಯ್ಯಪ್ಪ ನನ್ನಿಂದ ಇನ್ನೊಂದು ಕಾಗದ ಟೈಪ್ ಮಾಡಿಸಿದರು: ಪ್ರತಿಷ್ಠಾನದ ಅಧ್ಯಕ್ಷರು, ಶ್ರೀಮತಿ ನಿಂಗಮ್ಮ. ಅದನ್ನು ಓದಿ ಹೇಳಿದಾಗ ಆಕೆ ಗಂಡನತ್ತ ತಿರುಗಿ, "ಹಂಗಾದ್ರೆ ಏಣಿ ಹತ್ರೀ, ಕಾಯಿ ಇಳಿಸ್ಬೇಕು" ಎಂದರು.

ಅಣ್ಣಯ್ಯಪ್ಪ ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದರು.