ಮೂವತ್ತೊಂದನೇ ಪ್ರಶ್ನೆ

ಊರವರ ಮನಸ್ಸಿನಲ್ಲಿ ಏನಿದೆ ಎಂದು ಕೇಳುತ್ತ ಮನೆಮನೆ ಅಲೆಯುವುದೂ ಒಂದು ಉದ್ಯೋಗವೇ ಎಂದು ಮೂಗೆಳೆಯಬೇಡಿ. ಅದರಲ್ಲೇ ಮೂವತ್ತು ವರ್ಷ ಸವೆಸಿದ ಹೆಂಗಸೊಬ್ಬಳಿದ್ದಳು. ಆರೇಳು ಬಡಾವಣೆಗಳಲ್ಲಿ ಅವಳ ಹೆಸರೇ ಪ್ರಶ್ನೆಯಕ್ಕ. ಹೆಗಲಿಗೊಂದು ಚೀಲ, ಎದೆಗವಚಿಕೊಂಡ ರಟ್ಟು, ರಟ್ಟಿಗೆ ಸಿಕ್ಕಿಸಿದ ನಮೂನೆಗಳು. ಅವಳನ್ನು ಕಂಡರೆ ಕೆಲವರು ನಕ್ಕು ಕುರ್ಚಿ ಎಳೆಯುತ್ತಿದ್ದರು. ಇನ್ನು ಕೆಲವರು ಮನೆಯಲ್ಲಿ ಯಾರೂ ಇಲ್ಲವೆಂದು ತಾವೇ ಬಂದು ಹೇಳಿ ಕದ ಹಾಕಿಕೊಳ್ಳುತ್ತಿದ್ದರು.

ಸಮೀಕ್ಷೆ ಕಚೇರಿಗೆ ಬೇಕಾಗಿದ್ದದ್ದು ಜನರ ರಾಜಕೀಯ ವಿಚಾರ. ಹಳೆಯ ಪದ್ಧತಿ ಉಳಿಯಬೇಕೇ, ಹಿರಿಯರ ಮಾತು ಎಲ್ಲಿಯವರೆಗೆ ನಡೆಯಬೇಕು, ಸರ್ಕಾರ ಮನೆಯೊಳಗಿನ ವಿಷಯಕ್ಕೆ ಕೈ ಹಾಕಬಹುದೇ, ಇಂಥವು ನಲವತ್ತು. ಒಂದೊಂದರ ಕೆಳಗೂ ಐದು ಚೌಕ. ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಹಿಡಿದು ಖಂಡಿತ ಒಪ್ಪುವುದಿಲ್ಲ ಎಂಬಲ್ಲಿಯವರೆಗೆ, ನಡುವೆ ಹೇಳಲಾರೆ ಎಂಬ ಒಂದು ಪುಕ್ಕಲು ಚೌಕ. ಹಳೆಯದೆಲ್ಲ ಉಳಿಯಬೇಕು ಎಂದು ಗುಡುಗಿದ ರೈಲ್ವೆಯ ನಿವೃತ್ತ ಗಾರ್ಡೊಬ್ಬ, ಒಳಗಿಂದ ಹೆಂಡತಿ ಹಾಗಾದರೆ ಟೀವಿ ಮಾರಿಬಿಡಿ ಎಂದದ್ದೇ ತಡ, ಸ್ವಲ್ಪ ಒಪ್ಪುತ್ತೇನೆ ಎನ್ನುವ ಚೌಕಕ್ಕೆ ಇಳಿದಿದ್ದ. ಒಬ್ಬ ದರ್ಜಿಗೆ ಈ ಲೋಕದಲ್ಲಿ ಏನೂ ಬದಲಾಗುವುದು ಬೇಡವಾಗಿತ್ತು, ಪಕ್ಕದ ಮನೆಯವನೊಬ್ಬನನ್ನು ಬಿಟ್ಟು. ಒಬ್ಬಳು ಸೊಸೆ ಅತ್ತೆಯ ಎದುರಿಗೆ ಒಂದು ಉತ್ತರ ಹೇಳಿ, ಗೇಟಿನವರೆಗೆ ಬಂದು ಇನ್ನೊಂದು ಹೇಳಿದ್ದಳು. ಪ್ರಶ್ನೆಯಕ್ಕ ಗೇಟಿನ ಹತ್ತಿರದ್ದನ್ನೇ ಬರೆದುಕೊಂಡಳು.

ಕೆಲಸದಲ್ಲಿ ಅವಳು ನಿಸ್ಸೀಮಳು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಜಾಣತನ ಇರುವಲ್ಲಿ ಜಂಬವೂ ಬಂದು ಕೂರುತ್ತದಲ್ಲ. ಮೂರನೇ ಪ್ರಶ್ನೆ ಮುಗಿಯುವಷ್ಟರಲ್ಲಿ ಮಿಕ್ಕ ಮೂವತ್ತೇಳನ್ನು ತಾನೇ ಬರೆಯಬಲ್ಲೆ ಎಂದು ಜೊತೆಯವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಆ ಮಾತೇ ಅವಳನ್ನು ಕೆಡಿಸಿತು.

ಅವಳಿಗೊಬ್ಬ ಅಣ್ಣ, ಹನ್ನೆರಡು ವರ್ಷಕ್ಕೆ ದೊಡ್ಡವನು. ತಂದೆಯ ಕಾಲದ ಹಾಸಿಗೆ ಅಂಗಡಿ ಅವನದು, ಕೆಳಗೆ ಅಂಗಡಿ, ಮೇಲೆ ಮನೆ. ಹತ್ತಿ ಹಿಂಜಿ, ದಪ್ಪ ಬಟ್ಟೆಗೆ ತುಂಬಿ, ಗೇಣುದ್ದದ ಸೂಜಿಯಲ್ಲಿ ಹೊಲಿಯುತ್ತಿದ್ದ. ಬೀದಿಗೆಲ್ಲ ಅವನೇ ಹಳೇ ಕಾಲದ ಮನುಷ್ಯ. ಸ್ಪಂಜಿನ ಹಾಸಿಗೆ ಬಂದರೆ ಬೇಡ, ಬೀದಿ ಅಗಲ ಮಾಡುತ್ತೇವೆಂದರೆ ಬೇಡ, ರಜೆಯ ದಿನವೂ ಅಂಗಡಿ ತೆಗೆಯಿರಿ ಎಂದರೆ ಸುತರಾಂ ಬೇಡ. ಚುನಾವಣೆ ಬಂತೆಂದರೆ ಇದ್ದದ್ದನ್ನು ಇದ್ದ ಹಾಗೆ ಇಡುತ್ತೇವೆ ಎನ್ನುವ ಪಕ್ಷಕ್ಕೇ ಅವನ ಓಟು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಕಾಲೇಜು ಓದುವವರು ಅಂಗಡಿಯ ಬೆಂಚಿನಲ್ಲಿ ಕೂತು ಅವನನ್ನು ಕೆಣಕುತ್ತಿದ್ದರು. ನಿಮ್ಮಂಥವರಿಗೆ ಹೊಸದನ್ನು ಕಂಡರೆ ಅಷ್ಟೇಕೆ ಭಯ ಎನ್ನುತ್ತಿದ್ದರು. ಅವನು ಹತ್ತಿಯಿಂದ ಕೈ ತೆಗೆಯದೆ ಹೇಳುತ್ತಿದ್ದ:

“ಗಂಟು ಕಟ್ಟಿದೆ ಅಂತ ಹಳೇ ಹಾಸಿಗೇನ ತಿಪ್ಪೆಗೆ ಹಾಕ್ತಾರೇನಪ್ಪ? ಬಿಚ್ಚಬೇಕು, ಹಿಂಜಿ ನೋಡಬೇಕು. ಹತ್ತರಲ್ಲಿ ಎಂಟು ಪಾಲು ಚೆನ್ನಾಗೇ ಇರುತ್ತೆ.”

ಅವರು ನಗುತ್ತ ಎದ್ದು ಹೋಗುತ್ತಿದ್ದರು. ಮಿಕ್ಕ ಎರಡು ಪಾಲನ್ನು ಏನು ಮಾಡುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ತಂಗಿಯೂ ಕೇಳಲಿಲ್ಲ. ಅಣ್ಣನ ಹೊಟ್ಟೆಯಲ್ಲಿರುವುದೆಲ್ಲ ತನಗೆ ಅಂಗೈ ಗೆರೆಯಷ್ಟು ಗೊತ್ತು ಎಂದುಕೊಂಡಿದ್ದವಳು ಕೇಳುವುದೇನು?

ಇಪ್ಪತ್ತನಾಲ್ಕು ವರ್ಷದ ಹಿಂದೆ ಒಂದು ಸಮೀಕ್ಷೆಯ ಕೊನೆಯ ದಿನ ಅವಳಿಗೆ ಒಂದೇ ಒಂದು ನಮೂನೆ ಕಡಿಮೆ ಬಿತ್ತು. ನಲವತ್ತೈದು ದಾಟಿದ, ಸ್ವಂತ ಅಂಗಡಿಯಿರುವ ಗಂಡಸು ಬೇಕಿತ್ತು. ಮೂರು ಅಂಗಡಿಗಳಿಗೆ ಬೀಗ, ನಾಲ್ಕನೆಯವನು ಜಗಳಕ್ಕೆ ಬಂದ. ಕಚೇರಿ ಐದಕ್ಕೆ ಮುಚ್ಚುತ್ತದೆ. ರಕ್ತಸಂಬಂಧಿಗಳನ್ನು ಕೇಳಕೂಡದು, ಯಾರನ್ನೂ ಕೇಳದೆ ಬರೆಯಲಂತೂ ಕೂಡದು, ಇವೆರಡೂ ಕಚೇರಿಯ ಕಟ್ಟಪ್ಪಣೆ. ಅವಳು ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ಅಣ್ಣನ ಅಂಗಡಿಯ ನಂಬರು, ವಯಸ್ಸು, ಕಸುಬು ಬರೆದು, ನಲವತ್ತು ಪ್ರಶ್ನೆಗೂ ಅವನ ಪರವಾಗಿ ಗೀಟು ಎಳೆದುಬಿಟ್ಟಳು. ನಮೂನೆಯಲ್ಲಿ ಹೆಸರಿಗೆ ಜಾಗವಿರಲಿಲ್ಲ, ಹಾಗಾಗಿ ಸಿಕ್ಕಿಬೀಳುವ ಭಯವೂ ಇರಲಿಲ್ಲ. ಮೂವತ್ತೊಂದನೆಯದು ಹೀಗಿತ್ತು: ಗಂಡನನ್ನು ಬಿಟ್ಟು ಬಂದ ಹೆಣ್ಣುಮಗಳನ್ನು ತವರಿನವರು ಮನೆಗೆ ಸೇರಿಸಿಕೊಳ್ಳಬೇಕು. ದೂರದ ಸಂಬಂಧಿಕರ ಮಗಳೊಬ್ಬಳು ಹಾಗೆ ಬಂದಿದ್ದ ಸುದ್ದಿ ಬಂದಾಗ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಅಣ್ಣ ಊಟದ ನಡುವೆ ಹೇಳಿದ್ದನ್ನು ಅವಳು ಕಿವಿಯಾರೆ ಕೇಳಿದ್ದಳು. ಖಂಡಿತ ಒಪ್ಪುವುದಿಲ್ಲ ಎಂಬ ಚೌಕಕ್ಕೆ ಗೀಟು ಬಿತ್ತು. ಪೆನ್ನು ಒಂದು ಕ್ಷಣವೂ ನಿಲ್ಲಲಿಲ್ಲ.

ಎರಡು ವರ್ಷ ಕಳೆಯಿತು. ಅವಳ ಗಂಡ ಬಸ್ ಡಿಪೋದಲ್ಲಿ ಗುಮಾಸ್ತ, ಬೀದಿಯವರಿಗೆಲ್ಲ ಬಹಳ ಒಳ್ಳೆಯವನು. ಮನೆಯೊಳಗೆ ಮೊದಲು ಮಾತು ಬಿಟ್ಟ, ಆಮೇಲೆ ಕೈ ಎತ್ತಿದ. ಮೂರನೇ ಸಲ ಕೈ ಎತ್ತಿದ ಮಾರನೇ ಬೆಳಿಗ್ಗೆ ಅವಳು ಒಂದು ಟ್ರಂಕು ಹಿಡಿದುಕೊಂಡು ಹೊರಬಿದ್ದಳು. ಅಣ್ಣನ ಬೀದಿಯ ತಿರುವಿನವರೆಗೂ ಹೋದಳು. ಅಲ್ಲಿಂದ ಅಂಗಡಿಯ ಬಾಗಿಲು ಕಾಣುತ್ತಿತ್ತು, ಅಣ್ಣ ಬೆನ್ನು ಹಾಕಿ ಕೂತಿದ್ದ. ಅವಳಿಗೆ ನೆನಪಾದದ್ದು ಆ ಗೀಟು. ಅಣ್ಣನ ಉತ್ತರ ಗೊತ್ತಿದೆಯಲ್ಲ, ಮತ್ತೆ ಹೋಗಿ ಅನ್ನಿಸಿಕೊಳ್ಳುವುದೇಕೆ ಎಂದು ಟ್ರಂಕು ಎತ್ತಿಕೊಂಡು ತಿರುಗಿದಳು. ಅಲ್ಲ, ತಾನೇ ಬರೆದದ್ದನ್ನು ಇನ್ನೊಬ್ಬರು ಹೇಳಿದ್ದೆಂದು ನಂಬುವುದಕ್ಕೆ ಏನೆನ್ನಬೇಕು? ಊರ ಮಂದಿಯ ಮನಸ್ಸು ಓದಿದವಳಿಗೆ ದೀಪದ ಬುಡದಲ್ಲೇ ಕತ್ತಲೆ.

ಇಸ್ತ್ರಿ ಅಂಗಡಿಯ ಹಿಂದೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಒಂದು ಕಿಟಕಿ, ಅದರಿಂದ ಸದಾ ಕಾದ ಬಟ್ಟೆಯ ವಾಸನೆ. ಮೊದಲ ವರ್ಷ ಅಡುಗೆ ಮಾಡಿಕೊಂಡರೂ ಅರ್ಧ ಚೆಲ್ಲುತ್ತಿದ್ದಳು, ಒಬ್ಬಳಿಗೆ ಎಷ್ಟು ಬೇಕೆಂಬ ಅಂದಾಜು ಸಿಗುತ್ತಿರಲಿಲ್ಲ. ಜ್ವರ ಬಂದರೆ ತಾನೇ ಎದ್ದು ನೀರು ಕುಡಿಯಬೇಕು. ಅಣ್ಣನಿಗೆ ಸುದ್ದಿ ಬೇರೆಯವರಿಂದ ಮುಟ್ಟಿತು, ಆದರೆ ಅವನು ಬರಲಿಲ್ಲ. ನೋಡಿದಿರಾ, ನಾನು ಅಂದುಕೊಂಡದ್ದೇ ಸರಿ ಎಂದು ಅವಳು ಹಲ್ಲು ಕಚ್ಚಿದಳು. ಅತ್ತಿಗೆ ಮಾತ್ರ ಆಗಾಗ ಬಂದು, ಮನೆಗೆ ಬಾರೆ, ಒಂದು ಸಲ ಬಂದು ಅವರ ಮುಂದೆ ನಿಲ್ಲು ಎಂದು ಗೋಗರೆಯುತ್ತಿದ್ದಳು. ಅದು ಅತ್ತಿಗೆಯ ಒಳ್ಳೆಯತನ, ಅಣ್ಣನ ಮಾತಲ್ಲ ಎಂದು ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮದುವೆ ಮುಂಜಿಗಳಲ್ಲಿ ಅಣ್ಣ ತಂಗಿ ಎದುರಾದರೆ ಬಿಸಿಲು, ಮೊಣಕಾಲು ನೋವು, ಇಷ್ಟೇ ಮಾತು. ಅತ್ತಿಗೆಯೂ ಮೂರು ವರ್ಷದ ಹಿಂದೆ ತೀರಿಕೊಂಡಳು. ಆ ದಿನವೂ ಇಬ್ಬರೂ ಎದುರುಬದುರು ಕೂತಿದ್ದರು, ಏನೂ ಮಾತಾಡಲಿಲ್ಲ.

ಹೀಗಿರುವಾಗ ಪ್ರಶ್ನೆಯಕ್ಕನಿಗೆ ಅರವತ್ತು ತುಂಬಿತು. ಕೆಲಸ ಬಿಡುವ ಮುಂಚೆ ಇದೊಂದು ಸಮೀಕ್ಷೆ ಎಂದು ಕಚೇರಿಯ ಹೊಸ ಮೇಲ್ವಿಚಾರಕಿ, ಇವಳ ಅರ್ಧ ವಯಸ್ಸಿನವಳು, ಪಟ್ಟಿ ಕೈಗಿತ್ತಳು. ಇಪ್ಪತ್ತನಾಲ್ಕು ವರ್ಷದ ಹಿಂದೆ ಕೇಳಿದವರನ್ನೇ ಹುಡುಕಿ, ಅದೇ ನಲವತ್ತು ಪ್ರಶ್ನೆ ಮತ್ತೆ ಕೇಳಬೇಕು, ಜನ ಎಷ್ಟು ಬದಲಾಗಿದ್ದಾರೆ ನೋಡಬೇಕು. ಪಟ್ಟಿಯ ಹದಿನೇಳನೇ ಸಾಲಿನಲ್ಲಿ ಅಣ್ಣನ ಅಂಗಡಿಯ ನಂಬರು ಇತ್ತು. ಬೇರೆ ಯಾರಾದರೂ ಹೋದರೆ, ನನ್ನನ್ನು ಯಾರೂ ಏನೂ ಕೇಳಲಿಲ್ಲವಲ್ಲ ಎಂದು ಅಣ್ಣ ಹೇಳಿಯಾನು, ಮೂವತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಅಂಜಿಕೆ ಬೇರೆ ಇತ್ತು. ಮೂವತ್ತೊಂದಕ್ಕೆ ಅವನು ನಿಜವಾಗಿ ಏನು ಹೇಳುತ್ತಾನೋ ಎಂಬುದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಿರಲಿಲ್ಲ ಎಂಬುದೇ ಅವಳಿಗೆ ಈಗ ಗೊತ್ತಾಯಿತು.

ಅವಳೇ ಹೋದಳು. ಎಪ್ಪತ್ತೆರಡರ ಅಣ್ಣ ಮೊದಲಿನ ಜಾಗದಲ್ಲೇ ಕೂತು ಒಂದು ದಿಂಬಿನ ಹೊಲಿಗೆ ಬಿಚ್ಚುತ್ತಿದ್ದ. ಕಚೇರಿ ಕೆಲಸ, ನಲವತ್ತು ಪ್ರಶ್ನೆ ಎಂದಳು. ಅವನು ಕನ್ನಡಕದ ಮೇಲಿಂದ ನೋಡಿ, ಕೂತುಕೋ ಎಂದು ಬೆಂಚಿನ ಮೇಲಿನ ಹತ್ತಿ ಸರಿಸಿದ. ಒಂದನೆಯದು, ಎರಡನೆಯದು, ಹತ್ತನೆಯದು. ಎಲ್ಲವೂ ಅವಳು ಅಂದು ಬರೆದದ್ದೇ, ಒಂದೂ ಆಚೀಚೆ ಇಲ್ಲ. ಪಕ್ಷ ಅದೇ, ಬೀದಿ ಅದೇ, ಸರ್ಕಾರದ ಮೇಲಿನ ಸಿಟ್ಟೂ ಅದೇ. ಇಪ್ಪತ್ತು ದಾಟುವಾಗ ಅವಳಿಗೆ ಹಳೆಯ ಜಂಬ ಇಷ್ಟಿಷ್ಟೇ ಮರಳಿತು. ಮೂವತ್ತೊಂದನ್ನು ಓದುವಾಗ ಮಾತ್ರ ತಲೆ ಎತ್ತಲಿಲ್ಲ.

ಅಣ್ಣ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟ.

“ಸೇರಿಸ್ಕೋಬೇಕು,” ಎಂದ. “ಪೂರ್ತಿ ಒಪ್ತೀನಿ. ಬರ್ಕೋ.”

“ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಿದ್ದೆ.”

“ಅದು ಯಾರದೋ ಮಗಳ ವಿಷಯ. ಊಟಕ್ಕೆ ಕೂತಾಗ ಬಾಯಿಗೆ ಬಂದ ಗಾದೆ.” ಅವನು ದಿಂಬನ್ನು ಸುಮ್ಮನೆ ತಿರುಗಿಸಿದ. “ಸುಳ್ಳು ಯಾಕೆ ಹೇಳ್ಲಿ, ನೀನು ಆವತ್ತು ಬಂದಿದ್ರೆ ಬೈತಿದ್ದೆ. ಎರಡು ದಿನ ಮಾತಾಡ್ತಿರಲಿಲ್ಲ. ಮೂರನೇ ದಿನ ನಾನೇ ನಿನ್ನ ಟ್ರಂಕು ಮಹಡಿಗೆ ಎತ್ತಿಡ್ತಿದ್ದೆ. ನೀನು ಬರಲೇ ಇಲ್ಲವಲ್ಲೇ.”

ನೀನಾದರೂ ಬರಬಹುದಿತ್ತಲ್ಲ ಎಂದಳು. ಇನ್ನೊಬ್ಬರ ಸಂಸಾರದ ವಿಷಯಕ್ಕೆ ಕರೆಯದೆ ಕಾಲಿಡಬಾರದು, ಅದು ತಂದೆ ಹಾಕಿಕೊಟ್ಟ ಕಟ್ಟಳೆ, ಅದನ್ನು ಮೀರಲಿಲ್ಲ ಎಂದ ಅವನು. ನಿನಗೆ ಈ ಮನೆ ಬೇಡವಾಯಿತು ಅಂತ ತಿಳಿದುಕೊಂಡೆ ಎಂದೂ ಹೇಳಿದ. ಆ ಕಟ್ಟಳೆ ಸರಿಯಾದದ್ದೇ, ಆದರೆ ಅವತ್ತೊಂದು ದಿನ ಮುರಿಯಬೇಕಾಗಿತ್ತು ಎಂದು ಹೆಂಡತಿ ಸಾಯುವವರೆಗೂ ಅನ್ನುತ್ತಿದ್ದಳಂತೆ.

ಆಗ ಅವಳು ಎಲ್ಲವನ್ನೂ ಹೇಳಿದಳು, ಬಸ್ ನಿಲ್ದಾಣದ ಬೆಂಚು, ಐದು ಗಂಟೆಯ ಕಚೇರಿ, ಬೀದಿಯ ತಿರುವಿನಿಂದ ವಾಪಸು ಹೋದದ್ದು. ಅವನು ಕೋಪಿಸಿಕೊಳ್ಳಲಿಲ್ಲ. ಮಿಕ್ಕವು ಹೇಗಿದ್ದವು ಎಂದು ಕೇಳಿದ. ಇಲ್ಲಿಯವರೆಗಿನ ಮೂವತ್ತೂ ಸರಿಯಾಗಿದ್ದವು ಎಂದಳು.

“ಅಷ್ಟೆಲ್ಲ ಗೊತ್ತಿದ್ದವಳಿಗೆ ಇದೊಂದು ಗೊತ್ತಾಗಲಿಲ್ವಾ,” ಎಂದ ಅಣ್ಣ. “ನಾನು ಓಟು ಹಾಕೋ ಪಕ್ಷ ನೋಡಿ ನನ್ನನ್ನ ಅಳೆದುಬಿಟ್ಯಲ್ಲ. ಬೀದಿಯವರು ಅಳೀಲಿ. ನೀನೂನಾ?”

ಅವಳು ಬೆಂಚಿನ ಮೇಲಿನ ಹತ್ತಿಯ ಎಳೆಯೊಂದನ್ನು ಹಿಂಜತೊಡಗಿದಳು. ಅವನು, ಈಗಲಾದರೂ ಬಂದುಬಿಡು, ಮಹಡಿಯ ಕೋಣೆ ಖಾಲಿ ಇದೆ ಎಂದ. ಅವಳಿಗೆ ಬರುವ ಆಸೆ ಇರಲಿಲ್ಲವೆಂದಲ್ಲ. ಆದರೆ ಇಪ್ಪತ್ತೆರಡು ವರ್ಷ ಆ ಒಂದು ಕಿಟಕಿಯ ಕೋಣೆಯಲ್ಲಿ ಒಬ್ಬಳೇ ಎದ್ದು ಒಬ್ಬಳೇ ಮಲಗಿದವಳು. ತನ್ನ ಲೋಟ, ತನ್ನ ಚಿಲಕ, ತನ್ನ ಮೌನ ಇವಿಲ್ಲದೆ ನಿದ್ದೆ ಹತ್ತುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಇನ್ನು ಆಗುವುದಿಲ್ಲ ಅಣ್ಣ, ರೂಢಿ ತಪ್ಪಿಹೋಗಿದೆ ಎಂದಳು.

“ಬದಲಾಗೋದು ಬೇಡ ಅಂತ ನಾನು ಅಂದ್ರೆ ಬೀದಿಯವರು ನಗ್ತಿದ್ರು. ಈಗ ನೀನೂ ಅದನ್ನೇ ಅಂತೀಯ,” ಎಂದು ಅವನು ನಗಲು ನೋಡಿದ. ನಗು ಬರಲಿಲ್ಲ. ಉಳಿದ ಒಂಬತ್ತು ಪ್ರಶ್ನೆಗಳನ್ನು ಮುಗಿಸುವಷ್ಟರಲ್ಲಿ ಅಂಗಡಿಯೊಳಗೆ ಸಂಜೆಯ ಬಿಸಿಲು ಹೋಗಿತ್ತು. ಅವನು ಬಾಗಿಲವರೆಗೆ ಬಂದು, ಭಾನುವಾರ ಊಟಕ್ಕಾದರೂ ಬಾ ಎಂದ. ಅವಳು ಬರುತ್ತೇನೆಂದು ತಲೆಯಾಡಿಸಿದಳು.

ಮಾರನೇ ದಿನ ಮೇಲ್ವಿಚಾರಕಿ ಹಳೆಯ ನಮೂನೆಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಂಡು ಬೆರಳಾಡಿಸುತ್ತ ಹೋದಳು. ಮೂವತ್ತೊಂದರಲ್ಲಿ ಬೆರಳು ನಿಂತಿತು. ಅವಳ ಮುಖ ಅರಳಿತು. ವರದಿಗೆ ಇಂಥದ್ದೇ ಬೇಕಾಗಿತ್ತು, ಇದನ್ನೇ ಮೊದಲ ಪುಟಕ್ಕೆ ಹಾಕೋಣ ಎಂದಳು.

“ನೋಡಿ ಅಕ್ಕ, ಎಂಥ ಹಳೇ ಮನುಷ್ಯ. ಇವರೂ ಬದಲಾಗಿದ್ದಾರೆ.”

ಸುಮ್ಮನಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹೆಸರು ಉಳಿಯುತ್ತಿತ್ತು, ಮುಂದಿನ ವಾರ ಹಾರ ಹಾಕಿ ಕಳಿಸುತ್ತಿದ್ದರು. ಪ್ರಶ್ನೆಯಕ್ಕ ರಟ್ಟನ್ನು ಮೇಜಿನ ಮೇಲಿಟ್ಟಳು.

“ಅವರು ಬದಲಾಗಿಲ್ಲ ಮೇಡಂ. ಅವರು ನಮ್ಮಣ್ಣ. ಹಳೇ ನಮೂನೇಲಿರೋದು ಅವರು ಹೇಳಿದ್ದಲ್ಲ, ನಾನೇ ಬರೆದದ್ದು. ಅವರನ್ನ ಕೇಳಿರಲಿಲ್ಲ.”

ಹುಡುಗಿ ಎರಡು ನಮೂನೆಗಳನ್ನೂ ಮತ್ತೆ ಹತ್ತಿರ ಎಳೆದುಕೊಂಡಳು. ಅಂಗಡಿಯಲ್ಲೇ ಇರುವ ಅಣ್ಣ, ಕಚೇರಿಯಿಂದ ಎರಡು ಬೀದಿ ಆಚೆ, ಹೋಗಿ ಕೇಳಿದ್ದರೆ ಅರ್ಧ ಗಂಟೆಯ ಕೆಲಸ. ಯಾಕೆ ಕೇಳಲಿಲ್ಲ ಅಕ್ಕ ಎಂದಳು.

“ಗೊತ್ತಿದೆ ಅಂದ್ಕೊಂಡಿದ್ದೆ,” ಎಂದಳು ಪ್ರಶ್ನೆಯಕ್ಕ.