ದೋಣಿಗಿಂತ ಹಾಡು ತುಟ್ಟಿ

ಹೊಸ ಸ್ಪೀಕರಿನ ಡಬ್ಬಿ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ರಬ್ಬರು, ಅಂಟು, ಥರ್ಮಾಕೋಲು ಮೂರೂ ಕೂಡಿದ ವಾಸನೆ. ಅದನ್ನು ಪರಿಮಳ ಅಂತ ಯಾರಾದರೂ ಕರೆದರೆ ಮೊದಲು ಆಕ್ಷೇಪ ಎತ್ತುವವಳು ನಾನೇ. ಆದರೂ ಕಳೆದ ಶನಿವಾರ ನನ್ನ ಹಳೇ ಕಾರಿಗೆ ಸ್ಪೀಕರು ಹಾಕಿಸಲು ಬೆಳಗಾವಿ ಕ್ಯಾಂಪಿನ ಅಂಗಡಿಯೊಂದಕ್ಕೆ ಹೋಗಿದ್ದಾಗ, ಅಂಗಡಿಯವರು ಡಬ್ಬಿಯ ಮುಚ್ಚಳ ಎತ್ತಿದರು, ಆ ವಾಸನೆ ಬಂತು, ನಾನು ಎಲ್ಲಿ ನಿಂತಿದ್ದೇನೆ ಅನ್ನುವುದೇ ಮರೆತುಹೋಯಿತು. "ಎಷ್ಟರ ತನಕ ನೋಡೂಣ್ರಿ?" ಅಂತ ಅವರು ಕೇಳಿದ್ದು ಎರಡನೇ ಸಲಕ್ಕೆ ಕಿವಿಗೆ ಬಿತ್ತು.

ಇದೇ ಪ್ರಶ್ನೆಯನ್ನು ಕೆಲವು ವರ್ಷಗಳ ಹಿಂದೆ, ಇದೇ ಕ್ಯಾಂಪಿನ ಇನ್ನೊಂದು ಅಂಗಡಿಯಲ್ಲಿ, ನಮ್ಮ ಬಾಜೂ ಮನೆಯ ಕಾಕಾಗೆ ಕೇಳಿದ್ದರು. ಉತ್ತರ ಕೊಡಲು ಕಾಕಾ ಒಂದು ಇಡೀ ಮಳೆಗಾಲ ತೆಗೆದುಕೊಂಡರು. ಆ ಮಳೆಗಾಲದಷ್ಟು ನಾನು ಮತ್ತೆಂದೂ ನಕ್ಕಿಲ್ಲ. ಅಷ್ಟು ವಾದಗಳಲ್ಲಿ ಸೋತೂ ಇಲ್ಲ.

ಕಾಕಾ ನಮ್ಮ ಬಳಗದವರಲ್ಲ. ನಮ್ಮೆರಡು ಮನೆಗಳ ನಡುವೆ ಮೊಣಕಾಲೆತ್ತರದ ಒಂದು ಗೋಡೆ ಇತ್ತು, ಅದನ್ನು ದಾಟಲು ಯಾರೂ ಗೇಟಿನವರೆಗೆ ಹೋಗುತ್ತಿರಲಿಲ್ಲ, ಅಷ್ಟೇ ಸಂಬಂಧ. ರೈಲಿನ ಎಂಜಿನ್ ನಡೆಸಿ ರಿಟೈರ್ ಆದವರು ಅವರು. ಲೋಂಡಾದಿಂದ ಘಟ್ಟ ಇಳಿದು ಏರುವುದರಲ್ಲಿ ಅರ್ಧ ಆಯುಷ್ಯ ಹೋಗಿತ್ತು, ಬಲಗಿವಿ ಬಹುತೇಕ ಹೋಗಿತ್ತು. ಉಳಿದ ಎಡಗಿವಿಯನ್ನು ಅವರು ತಮಗೆ ಬೇಕಾದ ಕಡೆಗೆ ತಿರುಗಿಸಿಕೊಂಡು ಕೂಡುತ್ತಿದ್ದರು. ಬೇಡವಾದ ಮಾತು ಬಂದಾಗ ಬಲಗಿವಿ ಮುಂದೆ ಮಾಡುತ್ತಿದ್ದರು.

ರಿಟೈರ್ ಆದ ಮೇಲೆ ಒಂದು ದಿನ ಗೋವಾಕ್ಕೆ ಹೋಗಿ, ಪ್ರವಾಸಿಗರನ್ನು ಕೂರಿಸಿ ತಿರುಗಿಸುತ್ತಿದ್ದ ಹಳೇ ಫೈಬರ್ ದೋಣಿಯೊಂದನ್ನು ಮೋಟರಿನ ಸಮೇತ ಕೊಂಡು ಲಾರಿಯಲ್ಲಿ ಹೇರಿಕೊಂಡು ಬಂದರು. ಖಾನಾಪುರದಲ್ಲಿ ಮಲಪ್ರಭೆಯ ದಂಡೆಗೆ ಹತ್ತಿಕೊಂಡೇ ಅವರ ಹೆಂಡತಿಯ, ಅಂದರೆ ನಮ್ಮ ಕಾಕುವಿನ, ತವರಿನ ಹೊಲ. ದೋಣಿ ಅಲ್ಲಿ ನಿಂತಿತು. ಅದನ್ನು ಕಾಕಾ ದೋಣಿ ಅನ್ನುತ್ತಿರಲಿಲ್ಲ, "ಗಾಡಿ" ಅನ್ನುತ್ತಿದ್ದರು.

ದೋಣಿ ಯಾಕೆ ಅಂತ ಓಣಿಯವರೆಲ್ಲ ಕೇಳಿದರು. ನಾನೂ ಕೇಳಿದೆ. "ಅಷ್ಟು ವರ್ಷ ಘಟ್ಟದಾಗ ತಿರುಗೀನಿ. ಆ ಹಸರು, ಆ ನೀರು, ಎಲ್ಲಾ ಒಬ್ಬಾಂವನ ನೋಡೀನಿ. ಎಂಜಿನ್‌ನ್ಯಾಗ ಹೇಂತಿನ್ನ ಕುಂದರಸಾಕ ಬರೂದಿಲ್ಲ. ಈ ಗಾಡಿಗೆ ನಾನ ಮಾಲಕ," ಅಂದರು.

ತೊಡಕು ಒಂದೇ: ಕಾಕು ಹತ್ತುತ್ತಿರಲಿಲ್ಲ. ಚಿಕ್ಕವರಿದ್ದಾಗ ಅದೇ ಹೊಲದ ಅಂಚಿನ ಘಾಟಿನ ಕಲ್ಲುಮೆಟ್ಟಿಲ ಮೇಲೆ ಜಾರಿ ಹೊಳೆಗೆ ಬಿದ್ದಿದ್ದರಂತೆ, ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಜಡೆ ಹಿಡಿದು ಎಳೆದು ಹಾಕಿದ್ದಳಂತೆ. ತಲೆ ಬಾಚಿಕೊಳ್ಳುವಾಗಲೆಲ್ಲ ಆ ಹೊಳೆ ನೆನಪಾಗುತ್ತದೆ ಅನ್ನುತ್ತಿದ್ದರು. ಕಾಕಾ ಎಷ್ಟು ಕರೆದರೂ ಘಾಟಿನ ಮೇಲಿನ ಮೆಟ್ಟಿಲು ಬಿಟ್ಟು ಕೆಳಗೆ ಇಳಿಯಲಿಲ್ಲ.

ಆಗ ಕಾಕಾಗೆ ಒಂದು ಸಿದ್ಧಾಂತ ಹೊಳೆಯಿತು. ಕಾಕು ಹಾಡಿಗೆ ಸೋಲುವವರು. ವಚನ ಇರಲಿ, ಅಭಂಗ ಇರಲಿ, ಹಳೇ ಸಿನಿಮಾದ್ದಿರಲಿ, ಎಲ್ಲಿ ಹಾಡು ಕೇಳಿದರೂ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಅಂದಮೇಲೆ ದೋಣಿಯಲ್ಲಿ ಒಳ್ಳೆ ಸ್ಟೀರಿಯೋ ಇದ್ದರೆ ಬಂದೇ ಬರುತ್ತಾರೆ. ಇನ್ನು ಎಷ್ಟರದ್ದು ಹಾಕಿಸಬೇಕು ಅನ್ನುವುದಷ್ಟೇ ಪ್ರಶ್ನೆ.

ನಾನು ಆಗ ಕಾಲೇಜಿನ ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ. ಯಾವ ಮಾತು ಕೇಳಿದರೂ "ಆಧಾರ ಏನು?" ಅಂತ ಕೇಳುವ ರೋಗ ಹತ್ತಿತ್ತು. ಮನೆಯಲ್ಲಿ ಎಲ್ಲರೂ ಬೇಸತ್ತಿದ್ದರು. ಕಾಕಾ ಒಬ್ಬರಿಗೇ ಅದು ಇಷ್ಟ. ನನ್ನನ್ನು "ವಕೀಲಬಾಯಿ" ಅಂತ ಕರೆಯುತ್ತಿದ್ದರು. ಸಂಜೆ ಮಳೆ ಸ್ವಲ್ಪ ಬಿಟ್ಟರೆ ಸಾಕು, ಆ ಗೋಡೆಯ ಮೇಲೆ ಗೋಣಿಚೀಲ ಹಾಸಿ ಕೂತು, ಸ್ಟೀರಿಯೋ ವಿಷಯದ ಮೇಲೆ ಚರ್ಚೆ. ನಮ್ಮಲ್ಲಿ ಟೈಮು ಮುಗಿದರೆ ಗಂಟೆ ಬಾರಿಸುತ್ತಾರೆ ಅಂತ ನಾನೇ ಒಮ್ಮೆ ಹೇಳಿದ್ದೆ. ಮರುದಿನದಿಂದ ಕಾಕು ಸ್ಟೀಲಿನ ಗಿಲಾಸು, ಚಮಚ ಹಿಡಿದು ಬಾಗಿಲಲ್ಲಿ ಕೂತರು. ಗಡಿಯಾರ ನೋಡುತ್ತಿರಲಿಲ್ಲ. ತಮಗೆ ಸಾಕೆನಿಸಿದಾಗ ಟಿಣ್ ಅನ್ನಿಸುತ್ತಿದ್ದರು. ಅದಕ್ಕೆ ಮೇಲ್ಮನವಿ ಇರಲಿಲ್ಲ.

ಕ್ಯಾಂಪಿನ ಅಂಗಡಿಯವರು ನೀರು ತಾಗಿದರೂ ಕೆಡದ ಒಂದು ಸೆಟ್ಟು ತೋರಿಸಿದ್ದರು. ಮೂವತ್ತೈದು ಸಾವಿರ. ಅಂಗಡಿಯ ಬಾಗಿಲು ಹಾಕಿ ಹಚ್ಚಿದಾಗ ಗಾಜಿನ ಕಪಾಟು ಸಣ್ಣಗೆ ನಡುಗಿತ್ತು, ಕಾಕಾನ ಮುಖ ಅರಳಿತ್ತು. ನನ್ನ ಮೊದಲ ವಾದ ಸರಳ: ದೋಣಿಗೆ ಕೊಟ್ಟದ್ದೇ ಮೂವತ್ತು, ದೋಣಿಗಿಂತ ಹಾಡು ತುಟ್ಟಿ ಆಗಬಾರದು. ಎರಡನೆಯದು: ಕಾಕುಗೆ ಇರುವುದು ನೀರಿನ ಅಂಜಿಕೆ, ಹಾಡು ಹಚ್ಚಿದರೆ ನೀರು ಕಡಿಮೆಯಾಗುತ್ತದೆಯೇ? ಮೂರನೆಯದನ್ನು ಬ್ರಹ್ಮಾಸ್ತ್ರ ಅಂತ ಇಟ್ಟುಕೊಂಡಿದ್ದೆ. "ಕಾಕಾ, ನಿಮಗ ಕೇಳೂದು ಒಂದ ಕಿವಿ. ಸ್ಟೀರಿಯೋದಾಗ ಅರ್ಧಾ ರೊಕ್ಕ ಹೊಳ್ಯಾಗ ಹಾಕಿದಂಗ."

ಕಾಕಾ ತೊಡೆ ತಟ್ಟಿಕೊಂಡು ನಕ್ಕರು. "ಎಡಗಡೆ ಸ್ಪೀಕರ್ ನನಗ, ಬಲಗಡೆದು ನಿಮ್ಮ ಕಾಕುಗ. ಪಾಲು ಬರೋಬರಿ ಆತಿಲ್ಲೋ?"

ಟಿಣ್!

ಭಾನುವಾರಗಳಲ್ಲಿ ದೋಣಿ ನೋಡಿಕೊಂಡು ಬರಲು ಪ್ಯಾಸೆಂಜರ್ ಗಾಡಿಯಲ್ಲಿ ಖಾನಾಪುರಕ್ಕೆ ಹೋಗುತ್ತಿದ್ದೆವು, ಚರ್ಚೆ ಅಲ್ಲೂ ಮುಂದುವರಿಯುತ್ತಿತ್ತು. ನಡುವಿನ ದೇಸೂರ ಸ್ಟೇಷನ್ ಬಂದಾಗ ಮಾತ್ರ ಕಾಕಾ ಬಾಯಿ ಮುಚ್ಚಿ ಬ್ರೇಕು ಆಲಿಸುತ್ತಿದ್ದರು. ಗಾಡಿ ಜರ್ಕು ಹೊಡೆದು ನಿಂತರೆ, ತಲೆಯ ಮೇಲೆ ಹಾಲಿನ ಕೊಡ ಹೊತ್ತವಳು ನಿಲ್ಲುವ ಹಾಗೆ ನಿಲ್ಲಿಸಬೇಕು ಅಂತ ಇಡೀ ಡಬ್ಬಿಗೆ ಕೇಳುವಂತೆ ಗೊಣಗುತ್ತಿದ್ದರು... ಆ ಗೊಣಗು ಈಗಲೂ ದೇಸೂರಿನಲ್ಲಿ ನನಗೆ ಕೇಳುತ್ತದೆ.

ಕೊನೆಗೆ ದರ ಗೊತ್ತುಮಾಡಲು ಅವರೇ ಒಂದು ಸೂತ್ರ ತೆಗೆದರು. "ಮನ್ಯಾಗ ಹೇಳಾಕ ನಾಚಿಕಿ ಬರೂ ದರ ಒಂದು ಇರತೈತಿ. ಅಂಗಡ್ಯಾಗ ಹೇಳಾಕ ನಾಚಿಕಿ ಬರೂ ದರ ಒಂದು ಇರತೈತಿ. ಇವೆರಡರ ನಡಕ ಎಲ್ಲೋ ನಮ್ಮ ದರ." ಮನೆಯ ನಾಚಿಕೆ ಮೂವತ್ತೈದು. ಅಂಗಡಿಯ ನಾಚಿಕೆ ನಾನು ಹೇಳಿದ ಎರಡು ಸಾವಿರದ ರೇಡಿಯೋ. ನಡುವೆ ಅಂದರೆ ಹದಿನೆಂಟೂವರೆ. ಎರಡು ತಪ್ಪುಗಳ ನಡುವಿನದು ಸರಿ ಅನ್ನುವುದಕ್ಕೆ ಆಧಾರ ಏನು ಅಂತ ನಾನು ಎದ್ದು ನಿಂತು ಶುರುಮಾಡುವಷ್ಟರಲ್ಲಿ ಗಿಲಾಸು ಮೊಳಗಿತು. "ಹದಿನೆಂಟೂವರಿ. ಊಟಕ್ಕ ಏಳ್ರಿ," ಅಂದರು ಕಾಕು. ತಾವು ಮಾತ್ರ ದೋಣಿ ಹತ್ತುವುದಿಲ್ಲ ಅಂತ ತಾಟು ಹಾಕುತ್ತಾ ಹೇಳಿದರು.

ಮಳೆ ನಿಂತು, ಹೊಳೆ ಇಳಿದು, ತಿಳಿಯಾಗುತ್ತಿದ್ದ ಹೊತ್ತಿಗೆ ಸ್ಟೀರಿಯೋ ಕೂತಿತು. ಸ್ಪೀಕರುಗಳನ್ನು ಕಾಕಾ ತಮ್ಮ ಕೈಯಾರೆ ಬಿಗಿದರು. ಒಂದು ಭಾನುವಾರ ಕಾಕು ಬುತ್ತಿಯ ಡಬ್ಬಿ ಇಟ್ಟುಕೊಂಡು ಘಾಟಿನ ಮೇಲಿನ ಮೆಟ್ಟಿಲಲ್ಲಿ ಕೂತರು. ಮೋಟರು ಗುಡುಗಿತು, ನಾವು ಹೊರಟೆವು. ಕಾಕಾ ಗುಂಡಿ ಒತ್ತಿದರು. ನನಗೆ ಏನೂ ಕೇಳಿಸಲಿಲ್ಲ. ಇನ್ನಷ್ಟು ತಿರುವಿದರು. ಮೋಟರಿನ ಸದ್ದಿನ ಕೆಳಗೆ ಎಲ್ಲೋ ಒಂದು ಸೊಳ್ಳೆ ಗುನುಗಿದ ಹಾಗಾಯಿತು. ಆಗ ನೋಡಿದೆ: ಎರಡೂ ಸ್ಪೀಕರು ದೋಣಿಯ ಮೂತಿಯಲ್ಲಿ, ನಮಗೆ ಬೆನ್ನು ಮಾಡಿ, ಹೊಳೆಯ ಕಡೆ ಮುಖ ಮಾಡಿ ಕೂತಿದ್ದವು.

ಇದೇಕೆ ಹೀಗೆ ಅಂತ ಕೂಗಿ ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಹಾರ್ನು ಯಾವ ಎಂಜಿನ್ನಿನಲ್ಲಾದರೂ ಒಳಗೆ ಮುಖ ಮಾಡಿರುತ್ತದೆಯೇ? ಒಂದು ಇಡೀ ಮಳೆಗಾಲ ನಾವು ದರದ ಮೇಲೆ ವಾದಿಸಿದ್ದೆವು, ದಿಕ್ಕಿನ ಬಗ್ಗೆ ಇಬ್ಬರಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ನಾನು ನಕ್ಕು ನಕ್ಕು ದೋಣಿಯ ಅಂಚು ಹಿಡಿದುಕೊಂಡೆ. ಹದಿನೆಂಟೂವರೆ ಸಾವಿರ ನೇರ ಮಲಪ್ರಭೆಗೆ ಹೋಯಿತು ಅಂತ ಸಾರಿದೆ. ಕಾಕಾ ಬಲಗಿವಿ ಮುಂದೆ ಮಾಡಿದರು.

ತಿರುಗಿಸಿಕೊಂಡು ಘಾಟಿನ ಎದುರಿಗೆ ಬಂದಾಗ ದಂಡೆಯ ಮೇಲೆ ಏನೋ ನಡೆದಿತ್ತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದರು. ಕಾಕು ಎದ್ದು ನಿಂತಿದ್ದರು. ಒಂದು ಕೈಯಲ್ಲಿ ಬುತ್ತಿ ಡಬ್ಬಿಯ ಮುಚ್ಚಳ, ಇನ್ನೊಂದರಲ್ಲಿ ಚಮಚ. ಬಾರಿಸುತ್ತಿದ್ದಾರೆ ಅಂತ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಕಾಕಾನ ಮುಖದ ಬಣ್ಣ ಇಳಿಯಿತು. ನಡುದಾರಿಯಲ್ಲಿ ಎಂಜಿನ್ ಬಂದ್ ಮಾಡುವುದು ಅಂದರೆ ಅವರ ಪಾಲಿಗೆ ಗಾಡಿ ಫೇಲ್ ಆದ ಹಾಗೆ, ಸರ್ವಿಸಿಗೇ ಕಲೆ. ಆದರೂ ಅವತ್ತು ನಡುನೀರಿನಲ್ಲಿ ಅವರ ಕೈ ಸ್ವಿಚ್ಚಿಗೆ ಹೋಯಿತು.

ಸದ್ದು ನಿಂತಿತು. ಆಮೇಲೆ ಎಲ್ಲ ಒಟ್ಟಿಗೇ ಬಂತು. ಹೊಳೆಯ ತುಂಬ ಹಾಡು, ಅದರ ಮೇಲೆ ಮುಚ್ಚಳದ ಟಿಣ್ ಟಿಣ್, ಅದರ ಮೇಲೆ ಕಾಕುವಿನ ದನಿ.

"ಹಿಂದಿನ ಹಾಡು ಮತ್ತ ಹಚ್ರೀ!"

ದೋಣಿಯಲ್ಲಿ ಕೂತವರಿಗೆ ಕೇಳದ ಹಾಡು ದಂಡೆಗೆ ಒಂದಕ್ಷರ ಬಿಡದೆ ಕೇಳಿತ್ತು. ಆಮೇಲೆ ಪ್ರತಿ ಭಾನುವಾರ ಅದೇ ಪದ್ಧತಿಯಾಯಿತು. ನಡುನೀರಿಗೆ ಹೋಗುವುದು, ಮೋಟರು ನಿಲ್ಲಿಸುವುದು, ಹಾಡು ಹಚ್ಚಿ ತೇಲುವುದು. ಒಗೆಯುವ ಹೆಂಗಸರು ಫರ್ಮಾಯಿಶಿ ಕಳಿಸತೊಡಗಿದರು. ಬರೀ ಕನ್ನಡ ಯಾಕೆ, ಒಂದು ಮರಾಠಿ ಆಗಲಿ ಅಂತ ಒಬ್ಬಳು, ಈಗ ಆದದ್ದೇ ಮರಾಠಿ ಅಂತ ಇನ್ನೊಬ್ಬಳು. ಕಾಕು ನಡುವೆ ಮುಚ್ಚಳ ಬಾರಿಸಿ ತೀರ್ಪು ಕೊಡುತ್ತಿದ್ದರು.

ಸಿದ್ಧಾಂತ ಮಾತ್ರ ಸೋತಿತ್ತು. ಹಾಡು ಇತ್ತು, ಕಾಕು ಮೇಲಿನ ಮೆಟ್ಟಿಲಲ್ಲೇ ಇದ್ದರು. ನಾನು ಪ್ರತಿ ವಾರ ಅದನ್ನು ನೆನಪಿಸುತ್ತಿದ್ದೆ. ಕಾಕಾ ದಂಡೆಗೆ ಬಂದಾಗಲೆಲ್ಲ ಪಕ್ಕದ ಸೀಟಿನ ಮೇಲಿನ ನೀರು ಟವೆಲಿನಿಂದ ಒರೆಸುತ್ತಿದ್ದರು...

ಚಳಿಗಾಲದ ಮುಂಚೆ ಕೆಳಗಿನ ಬಾಂದಾರಕ್ಕೆ ಹಲಗೆ ಹಾಕಿ ನೀರು ಕಟ್ಟುತ್ತಾರೆ. ಆಗ ಹೊಳೆ ಹಿಂದಕ್ಕೆ ತುಂಬುತ್ತಾ ಬರುತ್ತದೆ, ಘಾಟಿನ ಮೆಟ್ಟಿಲುಗಳು ಮುಳುಗುತ್ತವೆ. ಆ ಭಾನುವಾರ ಹೋದಾಗ ನೀರು ಕಾಕುವಿನ ಮೆಟ್ಟಿಲ ಕೆಳಗಿನವರೆಗೆ ಬಂದಿತ್ತು. ಕಾಕು ತಮ್ಮ ಜಾಗದಲ್ಲೇ ಕೂತರು. ಕಾಕಾ ಮೋಟರು ನಿಲ್ಲಿಸಿ, ಹಾಲಿನ ಕೊಡ ಹೊತ್ತವಳು ನಿಲ್ಲುವ ಹಾಗೆ, ದೋಣಿಯನ್ನು ಅವರ ಪಾದದ ಹತ್ತಿರ ತಂದು ನಿಲ್ಲಿಸಿದರು. ಒಂದಿಷ್ಟೂ ಅಲುಗಾಟವಿಲ್ಲ. ಯಾರೂ ಕರೆಯಲಿಲ್ಲ. ಕಾಕು ದೋಣಿ ನೋಡಿದರು, ನನ್ನ ಮುಖ ನೋಡಿದರು.

"ನಾ ಏನ್ ಇಳದು ಬಂದಿಲ್ಲವಾ. ಅದ ಬಂದೈತಿ," ಅಂದು ಬುತ್ತಿ ಡಬ್ಬಿ ನನ್ನ ಕೈಗೆ ಕೊಟ್ಟು, ಒಂದು ಕೈಯಲ್ಲಿ ತಮ್ಮ ಜಡೆ ಹಿಡಿದುಕೊಂಡು, ಕಾಲಿಟ್ಟರು.

ನಡುನೀರಿಗೆ ಹೋದೆವು. ಮೋಟರು ನಿಂತಿತು. ಕಾಕಾ ಮದುಮಗನ ಗತ್ತಿನಲ್ಲಿ ಸ್ಟೀರಿಯೋ ಹಚ್ಚಿದರು. ಕಾಕು ಸ್ವಲ್ಪ ಹೊತ್ತು ಕೇಳಿ, "ಅದನ್ನ ಬಂದ್ ಮಾಡ್ರಿ. ನೀರಿನ ಸಪ್ಪಳ ಕೇಳಬೇಕು ನನಗ. ಅದು ಎಲ್ಲೈತಿ ಅನ್ನೂದರ ಗೊತ್ತಾಗ್ಲಿ," ಅಂದರು.

ಹದಿನೆಂಟೂವರೆ ಸಾವಿರ ಮೌನವಾಯಿತು. ಕಾಕಾ ನನ್ನ ಕಡೆ ನೋಡಿದರು, ನಾನು ಅವರ ಕಡೆ. ಗೆದ್ದವರು ಯಾರು? ಹಾಡಿಲ್ಲದಿದ್ದರೆ ಕಾಕು ವಾರವಾರ ಘಾಟಿಗೆ ಬರುತ್ತಿರಲಿಲ್ಲ, ಅದು ಅವರ ವಾದ. ಹತ್ತಿದ ಮೇಲೆ ಹಾಡೇ ಬೇಡವಾಯಿತು, ಅದು ನನ್ನದು. ವಾಪಸು ಬರುವ ಗಾಡಿಯಲ್ಲಿ ಬೆಳಗಾವಿ ಸ್ಟೇಷನ್ ಬರುವ ತನಕ ಇದನ್ನೇ ಹಿಡಿದು ಜಗಳಾಡಿದೆವು. ಕಾಕು ನಿದ್ದೆ ಮಾಡಿದರು.

ಕಾಕಾ ಹೋಗಿ ಎರಡು ಬೇಸಿಗೆ ಆಯಿತು. ಮಧ್ಯಾಹ್ನ ಎಡಗಿವಿ ಕೆಳಗೆ ಮಾಡಿ ಮಲಗಿದವರು ಏಳಲಿಲ್ಲ. ದೋಣಿ ಈಗ ಖಾನಾಪುರದ ಮೀನುಗಾರರೊಬ್ಬರ ಹತ್ತಿರ ಇದೆ. ಸ್ಪೀಕರು ಇನ್ನೂ ಹೊಳೆಯ ಕಡೆಗೇ ಮುಖ ಮಾಡಿವೆ, ಅವರಿಗೆ ತಿರುಗಿಸಲು ಮನಸ್ಸಾಗಿಲ್ಲವಂತೆ.

ಅಂಗಡಿಯವರು ಕಾಯುತ್ತಿದ್ದರು. ನಾನು ಹೊರಗೆ ಬಂದು ಕಾಕುಗೆ ಫೋನು ಹಚ್ಚಿದೆ. ಮನೆಯ ನಾಚಿಕೆ ಇಷ್ಟು, ಅಂಗಡಿಯ ನಾಚಿಕೆ ಇಷ್ಟು ಅಂತ ಎರಡೂ ದರ ಹೇಳಿ, ಅಭ್ಯಾಸಬಲದಿಂದ ಎದುರು ಪಕ್ಷದ, ಅಂದರೆ ಕಾಕಾನ, ಉತ್ತರಕ್ಕೆ ಕಾದೆ. ಆ ಕಡೆ ಪಾತ್ರೆ ಸರಿಸಿದ ಸದ್ದು, ಗಿಲಾಸು ಕೈಗೆ ತೆಗೆದುಕೊಂಡ ಸದ್ದು.

"ಅವರ ಪಾಳಿನೂ ನೀನ ಮಾತಾಡವಾ," ಅಂದರು.

ಮಾತಾಡಿದೆ. ಜಾಸ್ತಿ ಖರ್ಚು ಮಾಡಬೇಕು ಅನ್ನುವ ಕಡೆಯಿಂದ, ಜೀವನದಲ್ಲಿ ಮೊದಲನೇ ಸಲ. ಕ್ಯಾಂಪಿನ ಫುಟ್‌ಪಾತಿನ ಮೇಲೆ ನಿಂತು, ಎಡಗಿವಿ ಬಲಗಿವಿಯ ಪಾಲಿನ ತನಕ, ಹಾರ್ನು ಯಾವ ಕಡೆ ಮುಖ ಮಾಡಿರಬೇಕು ಅನ್ನುವ ತನಕ, ಅವರು ಹೇಳಬಹುದಾದ್ದನ್ನೆಲ್ಲ ಹೇಳಿದೆ. ನನ್ನ ಟೈಮು ಯಾವಾಗಲೋ ಮುಗಿದಿತ್ತು. ಕಾಕು ಗಿಲಾಸು ಬಾರಿಸಲೇ ಇಲ್ಲ.